ಮೂರನೇ ಟೇಬಲ್‌ನ ಕೈ

ಮೆಡಿಕಲ್ ಕಾಲೇಜಿನ ಹೆಣ ಕೊಯ್ಯುವ ಹಾಲ್. ಮಟಮಟ ಮಧ್ಯಾಹ್ನ. ಎಲ್ಲರೂ ಊಟಕ್ಕೆ ಹೋಗಿದ್ದರು...

ಮೂರನೇ ಟೇಬಲ್ ಹತ್ತಿರ ಭಾಗ್ಯಶ್ರೀ ಒಬ್ಬಳೇ. ಮೊದಲ ವರ್ಷದ ವಿದ್ಯಾರ್ಥಿನಿ. ಎದುರಿಗೆ, ದೇಹದಾನ ಮಾಡಿದ ಒಬ್ಬ ಮುದುಕನ ದೇಹ.

ಮುಂಗೈಯ ಚರ್ಮ ಬಿಡಿಸಿ, ಒಳಗಿನ ಬಿಳಿ ಬಲೆಯನ್ನು ಕೆರೆದು ಕೆರೆದು ತೆಗೆಯುತ್ತಿದ್ದಳು.

"ಥೂ, ಬರೇ ಕಸ!" ಅಂದಳು.

ಕಸವಂತೆ! ಸಂಯೋಜಕ ಅಂಗಾಂಶ ಅಂತ ಪುಸ್ತಕದಲ್ಲಿ ಅದಕ್ಕೆ ಹೆಸರಿದೆ. ಚರ್ಮವನ್ನು ಮಾಂಸಕ್ಕೆ, ಮಾಂಸವನ್ನು ಎಲುಬಿಗೆ, ಎಲುಬನ್ನು ಎಲುಬಿಗೆ ಹಿಡಿದಿಡುವುದು ಅದೇ. ಗಾಯ ಕೂಡಿಸುವುದೂ ಅದೇ. ಅದಿಲ್ಲದಿದ್ದರೆ ನಾವೆಲ್ಲ ಬಾಯಿ ಬಿಚ್ಚಿದ ಮೂಟೆ. ಡಾಕ್ಟರ್ ಆಗುವವಳಿಗೆ ಇಷ್ಟು ತಿಳಿಯಬೇಡವೇ?

ಅಷ್ಟರಲ್ಲಿ ಅಟೆಂಡರ್ ಯಮನೂರಪ್ಪ ಬಾಗಿಲು ತೆಗೆದ. ಹಿಂದೆ ಒಬ್ಬ ಮುದುಕಿ.

"ಮೇಡಂ, ಈ ಆಯಿ ಇವರ ಹೆಂಡ್ತಿ, ಪಾರ್ವತೆವ್ವ. ನಾಳೆ ಇವರನ್ನ ಮಣ್ಣಿಗೆ ಕಳಸ್ತೇವಲ್ರಿ... ಒಮ್ಮೆ ಕೈ ಮುಟ್ತೇನಿ ಅಂತಾಳ."

ಭಾಗ್ಯಶ್ರೀ ಗಡಬಡಿಸಿ ಬಟ್ಟೆ ಎಳೆದು ಎಲ್ಲವನ್ನೂ ಮುಚ್ಚಿದಳು. ಇನ್ನೂ ಕೊಯ್ಯದ ಅಂಗೈ ಮಾತ್ರ ಹೊರಗೆ ಉಳಿಯಿತು.

ಮುದುಕಿ ಆ ತಣ್ಣನೆಯ ಅಂಗೈಯಲ್ಲಿ ತನ್ನ ಕೈ ಇಟ್ಟಳು.

"ಮೂರು ದಿನಾ ಮಾತು ಬಿಟ್ಟಿದ್ದೆ ಯವ್ವಾ... ಸಾರಿಗೆ ಉಪ್ಪು ಹೆಚ್ಚಾತು ಅಂತ ಇವರು ಅಂದಿದ್ದಕ್ಕ. ನಾಕನೇ ದಿನಾ ಹೊತ್ತೇರಿದ್ರೂ ಏಳಲಿಲ್ಲ ಇವರು. ಸಿಟ್ಟಿಟ್ಟುಕೊಂಡ ಹೋದ್ರೇನು? ಅದೊಂದು ತಿಳದ್ರ ಸಾಕಾಗೇತಿ..."

ಮುಂಗೈಯಿಂದ, ಮಾಂಸವನ್ನು ಬೆರಳಿಗೆ ಕಟ್ಟುವ ನಾಲ್ಕಾರು ಬಿಳಿ ಹುರಿಗಳು ಬಟ್ಟೆಯ ಅಂಚಿನಲ್ಲಿ ಇಣುಕುತ್ತಿದ್ದವು. ಮುದುಕಿಗೆ ಕಾಣಬಾರದು ಅಂತ ಭಾಗ್ಯಶ್ರೀ ಅವನ್ನು ಹಿಡಿದು ಒಳಗೆ ಜಗ್ಗಿದಳು.

ಹೆಣದ ಬೆರಳುಗಳು ಮಡಚಿಕೊಂಡವು...

ಒಂದೊಂದಾಗಿ. ನಿಧಾನವಾಗಿ. ಮುದುಕಿಯ ಕೈ ಸುತ್ತ.

ಭಾಗ್ಯಶ್ರೀ ಬೆಚ್ಚಿದಳು. ಮುದುಕಿ ಮಾತ್ರ ಹೆದರಲಿಲ್ಲ.

"ಹಿಡದ್ರು ನೋಡವ್ವಾ... ಸಿಟ್ಟಿಲ್ಲ ಇವರಿಗೆ."

ಆ ಕೈಗೆ ಹಣೆ ಹಚ್ಚಿ ಅತ್ತಳು. ಬಹಳ ಹೊತ್ತು ಅತ್ತಳು. ಆಮೇಲೆ ತಾನಾಗಿಯೇ ಕೈ ಬಿಡಿಸಿಕೊಂಡು, ಕಣ್ಣೊರೆಸಿಕೊಂಡು ಹೋದಳು.

ಭಾಗ್ಯಶ್ರೀಗೆ ದುಃಖ ಉಕ್ಕಿ ಬಂತು. "ನಾನ ಜಗ್ಗಿದ್ದು ರೀ! ಆಯಿಗೆ ಸುಳ್ಳ ಸಮಾಧಾನ ಮಾಡಿ ಕಳಿಸಿದೆ..."

"ಗೊತ್ತೈತಿ ಬಿಡ್ರಿ. ಹುರಿ ಜಗ್ಗಿದ್ರ ಬೆರಳು ಮಡಚ್ಕೋತಾವ, ಬಿಟ್ರ ಸಡ್ಲ ಆಗ್ತಾವ. ಇಪ್ಪತ್ತು ವರ್ಷ ನೋಡೇನಿ." ಯಮನೂರಪ್ಪ ಬಾಗಿಲು ಮುಚ್ಚಿ ಬಂದ. "ಆದ್ರೂ ಮೇಡಂ, ಆಕಿ ಅಳೂತನಕಾ ಹುರಿ ಹಿಡ್ಕೊಂಡ ನಿಂತ್ರಲ್ಲ... ದೊಡ್ಡ ಮನಸ್ಸು ನಿಮ್ಮದು."

ಭಾಗ್ಯಶ್ರೀ ಅವನ ಮುಖವನ್ನೇ ನೋಡಿದಳು.

"ನಾ... ಹೆದರಿ ಆಗಿಂದಾಗ ಬಿಟ್ಟಿದ್ದೆ ರೀ."

ಇಬ್ಬರೂ ಟೇಬಲ್ ಕಡೆ ತಿರುಗಿದರು.

ಬೆರಳುಗಳು ಇನ್ನೂ ಮಡಚಿಕೊಂಡೇ ಇದ್ದವು... ನಡುವೆ ಒಂದು ಕೈ ಹಿಡಿಸುವಷ್ಟು ಜಾಗ ಬಿಟ್ಟು.

*

ಸತ್ತ ಮೇಲೂ ದೇಹ ತನ್ನ ಬೆಸುಗೆ ಬಿಡುವುದಿಲ್ಲ. ಉಸಿರಾಡುತ್ತಲೇ ಕಡಿದುಕೊಳ್ಳುವ ಮೂರ್ಖರು ನಾವು!

ನೀವು ಇವತ್ತು ಯಾರ ಹತ್ತಿರ ಮಾತು ಬಿಟ್ಟು ಕೂತಿದ್ದೀರಿ... ನಾಳೆ ಹೊತ್ತೇರಿದಾಗ ಅವರು ಏಳುತ್ತಾರೆ ಅಂತ ನಿಮಗೆ ಹೇಳಿದವರು ಯಾರು?