ಮತಗಟ್ಟೆಯ ನೀಲಿ ಪರದೆ

ಆ ಸೀಮೆಯಲ್ಲಿ ಕಣ್ಣಿಲ್ಲದವರ ಪರವಾಗಿ ಗುಂಡಿ ಒತ್ತಿದ ಜೊತೆಗಾರರು ಮತಗಟ್ಟೆಯ ನೀಲಿ ಪರದೆ ದಾಟಿ ಹೊರಬಂದರೆ, ಒಳಗೆ ಕೇಳಿದ್ದೆಲ್ಲ ಕನಸಿನಂತೆ ಮರೆತುಹೋಗುತ್ತಿತ್ತು. ಮತದ ಗುಟ್ಟು ಹಾಗೆ ಉಳಿಯುತ್ತಿತ್ತು.

ಕಣ್ಣು ಕಾಣದ ನಿಂಗಾಜಮ್ಮ ಸೊಸೆ ಕೋಮಲಳ ಕೈ ಹಿಡಿದು ಪರದೆಯೊಳಗೆ ಹೋದಳು. ತನಗೆ ಬೇಕಾದ ಗುರುತು ಹೇಳಿ ಗುಂಡಿ ಒತ್ತಿಸಿದಳು. ಆಮೇಲೆ, ಪ್ರತಿ ಚುನಾವಣೆಯಲ್ಲೂ ಅಲ್ಲಿ ಹೇಳುವ ಮಾತನ್ನೇ ಹೇಳಿದಳು.

"ಕೋಮ್ಲಾ, ನಿಂಗೆ ಟೀಚರ್ ಕೆಲ್ಸದ ಕಾಗ್ದ ಬಂದಿತ್ತು ಕಣವ್ವ. ಪೋಸ್ಟಿನೋನು ಓದಿ ಹೇಳ್ದ. ನೀನು ಹೊಂಟೋದ್ರೆ ನನ್ ಕೈ ಹಿಡಿಯೋರ್ಯಾರು ಅಂತ ಒಲೆಗೆ ಹಾಕ್ಬುಟ್ಟೆ."

ಕೋಮಲಳ ಕಣ್ಣು ತುಂಬಿ ಕೆನ್ನೆಗಿಳಿಯಿತು. ಹಿಡಿದ ಕೈಯನ್ನಂತೂ ಬಿಡಲಿಲ್ಲ.

ಹೊರಗೆ ಹೊಂಗೆಯ ನೆರಳಿಗೆ ಬಂದಾಗ ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು. "ಅದ್ಯಾರಿಗೆ ಓಟು ಹಾಕ್ಸುದ್ರಿ ಅತ್ತೆ? ಪ್ರತಿ ಸಲಾನೂ ನಂಗೆ ಅಳು ಬತ್ತದಲ್ಲ!"

ನಿಂಗಾಜಮ್ಮ ನಗಲು ಹೋದಳು, ಆಗಲಿಲ್ಲ. ಪರದೆಯೊಳಗಿನ ಆ ಮಾತನ್ನು ದೇವರೊಬ್ಬನೇ ಮೂರು ಸಲ ಕೇಳಿಸಿಕೊಂಡಿದ್ದಾನೆ. ಇನ್ನೈದು ವರ್ಷ ತಾನಿರುವೆನೋ ಇಲ್ಲವೋ. ಶಾಯಿ ಹಚ್ಚಿದ ಬೆರಳಿನಿಂದ ಸೊಸೆಯ ಕೆನ್ನೆ ತಡವಿದಳು. ಅದಿನ್ನೂ ಒದ್ದೆಯಾಗಿತ್ತು.

"ಇಲ್ಲೇ ಕೂತ್ಕೊ ಬಾರವ್ವ" ಎಂದಳು. "ಒಳಗೆ ಹೇಳಿದ್ದನ್ನೇ ಇನ್ನೊಂದ್ಸಲ ಹೇಳ್ತೀನಿ. ಕೇಳಿದ್ಮೇಲೆ ನೀನು ಕೈ ಬುಟ್ಟೋದ್ರೂ ಸರಿಯೇ."