‘ರಿ’ ಹಚ್ಚುವ ಕರಾರು

"ಮತ್ತೇನರ ಉಳದೈತೇನ್ರಿ ಅಮ್ಮಾರ?" ಎಂದು ಕೇಳುತ್ತ ಮಧ್ಯಸ್ಥರು ಪೆನ್ನಿನ ಮುಚ್ಚಳ ಹಾಕಿದರು. ಗೋಕಾಕದ ಕೋರ್ಟಿನ ಆ ಸಣ್ಣ ಕೋಣೆಯಲ್ಲಿ ಉದ್ದವ್ವ ಮತ್ತು ಸತ್ತೆಪ್ಪನ ಜಗಳ ಮುಗಿದ ಹಾಗೆಯೇ ಇತ್ತು. ತಾಯಿಯಿಂದ ಬೇರೆಯಾಗಿ ಒಲೆ ಹೂಡಲು ಸತ್ತೆಪ್ಪ ಒಪ್ಪಿದ್ದ. ನಾಗರ ಪಂಚಮಿಗೆ ಹೆಂಡತಿಯನ್ನು ತವರಿಗೆ ಕಳಿಸಲೂ ಒಪ್ಪಿದ್ದ. ನಾಗನೂರಿನ ತವರು ಸೇರಿದ್ದ ಉದ್ದವ್ವ ಕೌಜಲಗಿಗೆ, ಗಂಡನ ಮನೆಗೆ ಹೊರಡುವುದೊಂದೇ ಬಾಕಿ.

"ಒಂದ ಉಳದೈತ್ರಿ," ಎಂದಳು ಉದ್ದವ್ವ. "ಇವರು ನನಗ ರಿ ಹಚ್ಚಿ ಮಾತಾಡಬೇಕ್ರಿ. ಇಲ್ಲಂದ್ರ ನಾ ಹೋಗಾಂಗಿಲ್ರಿ."

ಆನೆ ಹೋಗಿ ಬಾಲ ಸಿಕ್ಕಿಕೊಂಡಿತು. ಗಂಡನ ಕಡೆಯ ಕೇದಾರಿ ವಕೀಲರು ಹೆಂಡತಿಯ ಕಡೆಯ ಶೋಭಾ ವಕೀಲರನ್ನು ನೋಡಿದರು. ಇದು ತಾವು ಹೇಳಿಕೊಟ್ಟದ್ದಲ್ಲ ಎಂಬಂತೆ ಶೋಭಾ ತಲೆ ಅಲ್ಲಾಡಿಸಿದರು.

ಯಾರೂ ಹೇಳಿಕೊಟ್ಟಿರಲಿಲ್ಲ. ಬೆಳಿಗ್ಗೆ ಒಳಗೆ ಕಾಲಿಟ್ಟಾಗಿನಿಂದ ಎಲ್ಲರೂ ಉದ್ದವ್ವನಿಗೆ ರಿ ಹಚ್ಚಿದ್ದರು. ಬಾಗಿಲ ಜವಾನ ‘ಕುಂಡರ್ರಿ’ ಅಂದಿದ್ದ. ಮಧ್ಯಸ್ಥರು ‘ಹೇಳ್ರಿ’ ಅಂದಿದ್ದರು. ಎದುರಾಳಿಯಾದ ಕೇದಾರಿ ವಕೀಲರು ಕೂಡ ‘ನೀರ ಕುಡೀರಿ’ ಅಂದಿದ್ದರು. ಕೇಳಿ ಕೇಳಿ ಅವಳ ಬೆನ್ನು ತಾನಾಗಿಯೇ ನೆಟ್ಟಗಾಗಿತ್ತು. ಮನೆಯಲ್ಲಿ ಅವಳ ಹೆಸರು ‘ಏ’. ಎತ್ತಿಗೆ ‘ಬಾರಪ್ಪಾ’, ಎಮ್ಮೆಗೆ ‘ಬಾರವ್ವಾ’ ಅನ್ನುವ ಸತ್ತೆಪ್ಪ ಹೆಂಡತಿಗೆ ಮಾತ್ರ ‘ಏ’ ಅನ್ನುತ್ತಿದ್ದ. ಅದು ಅವಳಿಗೆ ನೋಯುತ್ತಿತ್ತು, ಬಹಳ ನೋಯುತ್ತಿತ್ತು. ಆದರೆ ಓಣಿಯ ಗಂಡಸರೆಲ್ಲ ಹಾಗೆಯೇ ಕರೆಯುವಾಗ, ಅದು ನೋವೆಂದು ಯಾರ ಮುಂದೆ ಹೇಳುವುದು?

"ಸಾಹೇಬ್ರ, ಈ ಕರಾರು ಗಟ್ಟಿ ನಿಲ್ಲಾಂಗಿಲ್ರಿ," ಎಂದರು ಕೇದಾರಿ. "ಎತ್ತು ಹಗ್ಗ ಹರಕೊಂಡು ಓಡತಿರತೈತಿ, ‘ಹಿಡೀ’ ಅಂತ ಒದರಬೇಕಾಗತೈತಿ. ಅಂಥಾ ಅವಸರದಾಗ ರಿ ಎಲ್ಲಿ ಹಚ್ಚೂದ್ರಿ?"

"ಒಂದ ಅಕ್ಷರ ಐತ್ರಿ. ಅಷ್ಟರಾಗ ಎತ್ತು ಮುಧೋಳಕ್ಕ ಹೋಗಾಂಗಿಲ್ಲ," ಎಂದರು ಶೋಭಾ.

"ಹಂಗಾರ ಸಿಟ್ಟು ಬಂದಾಗಾದ್ರೂ ವಿನಾಯಿತಿ ಕೊಡ್ರಿ."

"ಇವರಿಗೆ ಸಿಟ್ಟು ಬರಲಾರದ ಹೊತ್ತು ಯಾವುದ್ರಿ?"

ಮಧ್ಯಸ್ಥರು ಎರಡೂ ಕಡೆ ಸಮಾಧಾನದಿಂದ ಕೇಳಿದರು. ನಿದ್ದೆಯಲ್ಲಿ ಕನವರಿಸಿದ್ದನ್ನು ಲೆಕ್ಕಕ್ಕೆ ಹಿಡಿಯಬಾರದು ಎಂಬಲ್ಲಿ ಮಾತ್ರ ಇಬ್ಬರು ವಕೀಲರಿಗೂ ಒಮ್ಮತವಾಯಿತು.

ಅಷ್ಟು ಹೊತ್ತು ನೆಲ ನೋಡುತ್ತಿದ್ದ ಸತ್ತೆಪ್ಪ ಬಾಯಿ ಬಿಟ್ಟ. "ಊರಾಗ ನಗತಾರ್ರಿ ಸಾಹೇಬ್ರ. ಹೇಣ್ತಿಗಿ ರಿ ಅಂತಾನ ನೋಡು ಅಂತ ಕಟ್ಟೀಗಿ ಕುಂತು ನಗತಾರ್ರಿ."

ಉದ್ದವ್ವ ಮೊದಲ ಸಲ ಗಂಡನ ಕಡೆಗೆ ತಿರುಗಿದಳು. "ಮದುವ್ಯಾದಾಗಿಂದ ನಾ ನಿಮಗ ರಿ ಅನ್ನಾಕತ್ತೇನಿ. ಯಾರರ ನಕ್ಕಾರೇನ್ರಿ?"

ಸತ್ತೆಪ್ಪ ಟೊಪ್ಪಿಗೆ ತೆಗೆದು, ತಲೆ ಕೆರೆದುಕೊಂಡು, ಮತ್ತೆ ಹಾಕಿಕೊಂಡ. "ಬರಕೋರಿ," ಎಂದ.

ಮಧ್ಯಸ್ಥರು ಬರೆದು ಗಟ್ಟಿಯಾಗಿ ಓದಿದರು: "ಎದುರುದಾರರು ಅರ್ಜಿದಾರರನ್ನು ಸದಾಕಾಲ ಗೌರವಸೂಚಕವಾಗಿ ಸಂಬೋಧಿಸತಕ್ಕದ್ದು."

"ಅದರಾಗ ರಿ ಕೇಳಸಲಿಲ್ಲಲ್ರಿ," ಎಂದಳು ಉದ್ದವ್ವ.

"ಗೌರವ ಅಂದ್ರ ಅದ ಬಂತ್ರಿ ಅಮ್ಮಾರ," ಎಂದರು ಶೋಭಾ.

"ಗೌರವ ಇವರಿಗೆ ತಿಳಿಯಾಂಗಿಲ್ರಿ. ರಿ ಅಂತ ಬರೀರಿ, ತಿಳೀತೈತಿ."

ಮಧ್ಯಸ್ಥರು ಆ ಸಾಲಿನ ಕೊನೆಗೆ ‘ಅಂದರೆ, ರಿ ಹಚ್ಚಿ’ ಎಂದು ಸೇರಿಸಿದರು. ಎಲ್ಲರೂ ಸಹಿ ಮಾಡಿದರು.

ಹೊರಗೆ ಬಂದ ಸತ್ತೆಪ್ಪ ಯಾವಾಗಿನ ಹಾಗೆ ಹೆಂಡತಿಯನ್ನು ಹಿಂದೆ ಬಿಟ್ಟು ಬಸ್ ಸ್ಟ್ಯಾಂಡಿನ ಕಡೆಗೆ ದಾಪುಗಾಲು ಹಾಕಿದ. ಬೇವಿನ ಗಿಡದ ಹತ್ತಿರ ಯಾಕೋ ನಿಂತ. ಆ ಕಡೆ ಈ ಕಡೆ ನೋಡಿ, ಗಂಟಲು ಸರಿಮಾಡಿಕೊಂಡು, ಹಿಂದಕ್ಕೆ ತಿರುಗಿದ.

"ಲಗೂ ಬರ್ರಿ," ಎಂದ.

ಯಾರನ್ನು ಕರೆಯುತ್ತಿದ್ದಾನೆಂದು ಉದ್ದವ್ವ ಹೊರಳಿ ತನ್ನ ಹಿಂದೆ ನೋಡಿದಳು.