ಸತ್ತವರ ಲಕೋಟೆ

ಸಹಾಯಕ ನಿರ್ದೇಶಕ ತೇಸಿಕ್ ಬಿಳಿ ಲಕೋಟೆ ಹಿಡಿದು ತನ್ನತ್ತಲೇ ಬರುವುದನ್ನು ಕಂಡು, ನಟಿ ಯೊನೋಕ್ ತಿನ್ನುತ್ತಿದ್ದ ಅನ್ನದ ಸುರುಳಿ ಕಿಂಬಾಪಿನ ತುಂಡನ್ನು ಕಡ್ಡಿಯಿಂದ ತಟ್ಟೆಗೆ ಜಾರಿಸಿಬಿಟ್ಟಳು. ಧಾರಾವಾಹಿಯಲ್ಲಿ ಯಾರ ಪಾತ್ರ ಸಾಯುತ್ತದೋ ಆ ನಟರಿಗೆ, ಅಪಶಕುನ ಕಳೆಯಲೆಂದು, ಹಣವಿಟ್ಟ ಅಂಥ ಲಕೋಟೆ ಕೊಡುವುದು ವಾಡಿಕೆ. ಇಪ್ಪತ್ತೆರಡು ವರ್ಷ ಅವರಿವರ ತಾಯಿಯ ಪಾತ್ರದಲ್ಲಿ ಅತ್ತ ಮೇಲೆ ಅವಳಿಗೆ ಸಿಕ್ಕಿದ್ದ ಮೊದಲ ದೊಡ್ಡ ಪಾತ್ರವಿದು: ಸರಣಿ ಕೊಲೆಗಳ ಕಥೆಯಲ್ಲಿ ಪಲ್ಯದಂಗಡಿಯ ಸಾಧು ಹೆಂಗಸು. ಕೊಲೆಗಾರ ಯಾರೆಂದು ಲೇಖಕಿ ಯಾರಿಗೂ ಬಾಯಿಬಿಟ್ಟಿರಲಿಲ್ಲ. ಆಯಾ ದಿನದ ಸಂಭಾಷಣೆಯ ಹಾಳೆಗಳು ಆಯಾ ದಿನವೇ ಬರುತ್ತಿದ್ದವು. ಇವತ್ತಿನವು ಇನ್ನೂ ಬಂದಿರಲಿಲ್ಲ.

"ಮುಗೀತಾ ನನ್ನ ಕಥೆ?" ಎಂದಳು.

ಪಕ್ಕದಲ್ಲಿದ್ದ ಹ್ಯೊನ್‌ಗು ಕಿಸಕ್ಕನೆ ನಕ್ಕ. ಪತ್ತೇದಾರನ ಪಾತ್ರದವನು, ಕಥೆಯ ನಾಯಕ. "ಅಳಬೇಡಿ ಅಕ್ಕಾ. ನಿಮ್ಮ ಸಾವಿನೂಟಕ್ಕೆ ನಾನೇ ಮೊದಲು ಬರ್ತೀನಿ. ಅಲ್ಲಿ ಬಡಿಸೋ ಖಾರದ ಸಾರು ಮೂರು ಬಟ್ಟಲು ಕುಡೀತೀನಿ!"

ಯೊನೋಕ್ ಎರಡೂ ಕೈ ಚಾಚಿ ಲಕೋಟೆ ತೆಗೆದುಕೊಂಡಳು.

"ಅದು ನಿಮಗಲ್ಲ ಅಕ್ಕಾ," ತೇಸಿಕ್ ದನಿ ತಗ್ಗಿಸಿದ. "ನೀವು ಕೊಡಬೇಕಾದ್ದು. ಸಾಯೋರಿಗೆ ಕೊಲ್ಲೋರ ಕೈಯಿಂದಲೇ ಕೊಡಿಸಬೇಕು ಅಂದಿದ್ದಾರೆ ಡೈರೆಕ್ಟರು."

ಯೊನೋಕ್ ಲಕೋಟೆಯ ಎರಡೂ ಬದಿ ತಿರುವಿ ನೋಡಿದಳು. "ಯಾರಿಗೆ?"

ತೇಸಿಕ್ ಹ್ಯೊನ್‌ಗುವಿನತ್ತ ನೋಡಿದ. ಹ್ಯೊನ್‌ಗುವಿನ ನಗು ಅಲ್ಲೇ ನಿಂತಿತು.

ಯೊನೋಕ್ ಎದ್ದು ನಿಂತಳು. ಪಲ್ಯದಂಗಡಿಯ ಏಪ್ರನ್ನನ್ನು ಸರಿಮಾಡಿಕೊಂಡು, ಇಪ್ಪತ್ತೆರಡು ವರ್ಷ ಪಳಗಿದ್ದ ಆ ತಾಯಿಯ ನಗುವನ್ನೇ ನಗುತ್ತ, ಲಕೋಟೆಯನ್ನು ಎರಡೂ ಕೈಯಲ್ಲಿ ಮುಂದೆ ಹಿಡಿದಳು.

"ತಗೊಳಪ್ಪಾ ಹ್ಯೊನ್‌ಗು. ಸಾರು ನಾನೇ ಬಡಿಸ್ತೀನಿ."